ಡೈರೆಕ್ಟರಿಯಲ್ಲಿ ಸಿಗದ ಮುತ್ತಜ್ಜ

ಹೋದ ತಿಂಗಳ ಒಂದು ಶನಿವಾರ ನಾನು ಒಬ್ಬ ಹೆಂಗಸಿನ ಮುತ್ತಜ್ಜನನ್ನು ಇಲ್ಲ ಎನ್ನಿಸಿಬಿಟ್ಟೆ. ಮೂರು ನಿಮಿಷ ಹಿಡಿಯಿತು. ಆಮೇಲೆ ಆರಾಮವಾಗಿ ಚಹಾ ಕುಡಿದೆ, ಬಿಸ್ಕತ್ತು ಅದ್ದಿಕೊಂಡು.

ಗಾಬರಿಯಾಗಬೇಡಿ. ಆ ಮನುಷ್ಯ ಸತ್ತು ಎಷ್ಟೋ ಕಾಲವಾಗಿದೆ. ಆದರೆ ಸತ್ತವರಿಗೂ ಅವಮಾನ ಮಾಡಬಹುದು, ಅದೂ ನಗುನಗುತ್ತಾ ಮಾಡಬಹುದು ಎನ್ನುವುದು ನನಗೆ ಗೊತ್ತಾಗಿದ್ದು ಈಗ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಐರ್ಲೆಂಡಿನ ಮಳೆ, ಬಾರದ ಬಸ್ಸು, ಸಿಗದ ಬಾಡಿಗೆ ಮನೆ ಎಂದು ಏನಾದರೂ ಗೀಚಿ ಈ ವಾರದ ಅಂಕಣ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. (ಹೆಸರುಗಳನ್ನು ಬದಲಿಸಿದ್ದೇನೆ. ತಪ್ಪನ್ನು ಬದಲಿಸಿಲ್ಲ.)

ಹಳೆಯ ಓದುಗರಿಗೆ ಗೊತ್ತು, ನಾವಿರುವುದು ಕಿಲ್ಕೆನ್ನಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಮನೆಯಿಂದಲೇ ಡೇಟಾ ಕೆಲಸ ಮಾಡುವವಳು. ಅಂದರೆ ದಿನವಿಡೀ ಎಕ್ಸೆಲ್ ಶೀಟಿನ ಮುಂದೆ ಕೂತು, ಯಾರೋ ತಪ್ಪಾಗಿ ತುಂಬಿದ ಸಾಲುಗಳನ್ನು ಹುಡುಕಿ ಅಳಿಸುವುದು. ಈ ಕೆಲಸ ಮಾಡಿ ಮಾಡಿ ನನಗೆ ಒಂದು ಕಾಯಿಲೆ ಬಂದಿದೆ. ಖಾಲಿ ಸೆಲ್ ಕಂಡರೆ ಸಿಟ್ಟು ಬರುತ್ತದೆ.

ಎರಡು ವರ್ಷದಿಂದ ಶನಿವಾರ ಬೆಳಿಗ್ಗೆ ಊರಿನ ಸಮುದಾಯ ಭವನಕ್ಕೆ ಹೋಗುತ್ತೇನೆ. ಅಲ್ಲಿ ಊರ ಇತಿಹಾಸದ ಹುಚ್ಚು ಹಿಡಿದ ಒಂದು ಗುಂಪು ಸೇರುತ್ತದೆ. ಹೆಚ್ಚಿನವರು ರಿಟೈರ್ ಆದವರು. ಐರ್ಲೆಂಡಿನಲ್ಲಿ ವಯಸ್ಸಾದವರಿಗೆ ಎರಡೇ ವಿಷಯ. ಒಂದು ಹವಾಮಾನ, ಇನ್ನೊಂದು ಅಜ್ಜಂದಿರು. ಹವಾಮಾನಕ್ಕೆ ನಾನೇನೂ ಮಾಡಲಾರೆ. ಅಜ್ಜಂದಿರನ್ನು ಹುಡುಕಿಕೊಡಬಲ್ಲೆ.

ಹೇಗೆ? ಹಳೆಯ ಕೌಂಟಿ ಟ್ರೇಡ್ ಡೈರೆಕ್ಟರಿಗಳಿಂದ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನೂರು, ನೂರೈವತ್ತು ವರ್ಷದ ಹಿಂದೆ ಏಜೆಂಟರು ಊರೂರು ಸುತ್ತಿ, ಎಲ್ಲಿ ಯಾರು ಯಾವ ಕಸುಬು ಮಾಡುತ್ತಾರೆ ಎಂದು ಬರೆದುಕೊಂಡು ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಪ್ರತಿ ಊರಿಗೂ ಒಂದೆರಡು ಪುಟ. ಮೊದಲು ಜಮೀನ್ದಾರರು, ಸಾಹೇಬರು. ಆಮೇಲೆ ಪಾದ್ರಿಗಳು. ಆಮೇಲೆ ಬೇಕರಿಯವರು, ಕಮ್ಮಾರರು, ಬೂಟು ಹೊಲಿಯುವವರು, ದರ್ಜಿಗಳು, ಹೆಂಡ ಮಾರುವವರು. (ಈ ಕೊನೆಯ ಪಟ್ಟಿ ಯಾವ ಊರಿನಲ್ಲೂ ಚಿಕ್ಕದಲ್ಲ.) ಈಗ ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದಾರೆ. ಮನೆಯಲ್ಲೇ ಕೂತು ತಿರುವಬಹುದು.

ತಿರುವುವುದಕ್ಕೂ ಒಂದು ಕ್ರಮವಿದೆ. ಒಂದೇ ಡೈರೆಕ್ಟರಿ ನೋಡಿದರೆ ಏನೂ ತಿಳಿಯುವುದಿಲ್ಲ. ಕೆಲವು ವರ್ಷದ ಅಂತರದ ಎರಡನ್ನು ಪಕ್ಕಪಕ್ಕ ಇಡಬೇಕು. ಮೊದಲನೆಯದರಲ್ಲಿ ಬೇಕರಿಯ ಥಾಮಸ್ ಇರುತ್ತಾನೆ. ಎರಡನೆಯದರಲ್ಲಿ ಅದೇ ಬೀದಿ, ಅದೇ ಬೇಕರಿ, ಆದರೆ ಹೆಸರು ಮೇರಿ. ಪಾಪ, ಥಾಮಸ್ ತೀರಿಕೊಂಡ, ಹೆಂಡತಿ ಒಲೆ ಆರಲು ಬಿಡಲಿಲ್ಲ. ಇಂಥದ್ದು ಸಿಕ್ಕಾಗ ನನಗೆ ಮೈ ಜುಮ್ಮೆನ್ನುತ್ತದೆ. ಹೆಸರಿನ ಹತ್ತು ಸ್ಪೆಲಿಂಗ್ ಹಾಕಿ, ಕಂಪ್ಯೂಟರ್ ತಪ್ಪಾಗಿ ಓದಿದ ಪುಟಗಳನ್ನು ಕಣ್ಣಿನಿಂದಲೇ ಓದಿ, ಒಬ್ಬ ಅಜ್ಜನಿಗಾಗಿ ಮೂರು ಗಂಟೆ ಕೂತಿದ್ದೇನೆ. ಯಾರೋ ಅಪರಿಚಿತರ ಅಜ್ಜ!

ಹೀಗಾಗಿ ನನಗೆ ಊರಿನಲ್ಲಿ ಒಂದು ಹೆಸರು ಬಂತು. 'ಅಜ್ಜನನ್ನು ಹುಡುಕಿಕೊಡುವ ಇಂಡಿಯನ್ ಲೇಡಿ.' ಇಲ್ಲಿನ ಆಡಮ್ಸ್‌ಟೌನ್ ಎಂಬಲ್ಲಿರುವ ಕನ್ನಡದ ಗೆಳತಿ ಫೋನಿನಲ್ಲಿ ಕಾಲೆಳೆದಳು: "ಏನೇ, ಐರಿಶ್‌ನೋರಿಗೇ ಐರಿಶ್‌ನೋರನ್ನ ತೋರಿಸ್ತಾ ಇದೀಯಂತೆ? ಭಾರಿ ಆಯ್ತಲ್ಲ ನಿಂದು!" ಭಾರಿ ಆಗಿದ್ದು ನಿಜ. ಆ ಭಾರಕ್ಕೆ ನನ್ನ ತಲೆ ಸ್ವಲ್ಪ ತಿರುಗಿತ್ತು.

ಈ ವರ್ಷ ಗುಂಪಿನವರು ಒಂದು ಪ್ರದರ್ಶನ ಇಟ್ಟರು. ನಮ್ಮೂರಿನ ಹಳೆಯ ಕಸುಬುದಾರರು ಎಂದು. ಕಸುಬಿಗೊಂದು ದೊಡ್ಡ ಬೋರ್ಡ್, ಅದರ ಮೇಲೆ ಆ ಕಸುಬು ಮಾಡಿದವರ ಹೆಸರು. ಹೆಸರು ಸೇರಿಸುವ ಜವಾಬ್ದಾರಿ ಯಾರದು? ನಿಮ್ಮ ಅಂಕಣಗಾರ್ತಿಯದು. ನಾನು ಶೀಟ್ ಮಾಡಿದೆ. ಹೆಸರು, ಕಸುಬು, ಬೀದಿ, ಆಧಾರ. ಡೈರೆಕ್ಟರಿಯಲ್ಲಿ ಹೆಸರು ಇದ್ದರೆ ಬೋರ್ಡಿಗೆ. ಇಲ್ಲದಿದ್ದರೆ ಇಲ್ಲ. ಶಿಸ್ತು ಎಂದರೆ ಶಿಸ್ತು.

ಆಗ ಬಂದವರು ಬ್ರೀಡಾ.

ಅರವತ್ತರ ಆಚೆಯ ಹೆಂಗಸು. ಒಳ್ಳೆಯ ಕೋಟು, ಕಿವಿಯಲ್ಲಿ ದೊಡ್ಡ ಬಂಗಾರದ ರಿಂಗು, ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಚೀಲ. ಮುತ್ತಜ್ಜ ಮಾರ್ಟಿನ್ ತಗಡು ಕೆಲಸದವನು, ಹಾಲಿನ ಕ್ಯಾನು, ಬಕೆಟ್ಟು, ಲೋಟ ಮಾಡುತ್ತಿದ್ದವನು, ಅವನ ಹೆಸರು ತಗಡಿನವರ ಬೋರ್ಡಿಗೆ ಸೇರಿಸಬೇಕು ಎಂದರು. ಚೀಟಿಯಲ್ಲಿ ಪೂರ್ತಿ ಹೆಸರು ಬರೆದುಕೊಟ್ಟರು. ಅಡ್ಡಹೆಸರು ಓದಿದ ತಕ್ಷಣ ನನಗೆ ಗೊತ್ತಾಯಿತು. ಇವರು ಟ್ರಾವೆಲರ್ ಜನ.

ಟ್ರಾವೆಲರ್ ಎಂದರೆ ಪ್ರವಾಸಿಗರಲ್ಲ. ಇಲ್ಲಿನದೇ ಒಂದು ಸಮುದಾಯ. ತಲೆತಲಾಂತರದಿಂದ ಗಾಡಿ ಕಟ್ಟಿಕೊಂಡು ಊರೂರು ತಿರುಗಿ ತಗಡು ಕೆಲಸ, ಕುದುರೆ ವ್ಯಾಪಾರ ಮಾಡಿದವರು. ಈಗ ಬಹಳ ಮಂದಿ ನಮ್ಮ ನಿಮ್ಮ ಹಾಗೆ ಮನೆಗಳಲ್ಲಿದ್ದಾರೆ. ಊರವರು ಇವರನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನು ಈ ದೇಶಕ್ಕೆ ಬಂದ ಮೊದಲ ವರ್ಷವೇ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆ ಪಾಠ ಕಲಿತೆ. ಐರಿಶರಂತೆ ಮಾತುಮಾತಿಗೆ 'ಗ್ರ್ಯಾಂಡ್' ಎನ್ನಲು ಕಲಿಯುವ ಮೊದಲೇ ಅವರಂತೆ ಮುಖ ತಿರುಗಿಸಲು ಕಲಿತಿದ್ದೆ. ಯಾರನ್ನು ಕೀಳಾಗಿ ನೋಡಬೇಕು ಎಂದು ತಿಳಿದುಕೊಂಡರೆ ಒಂದು ದೇಶದಲ್ಲಿ ಅರ್ಧ ಸೆಟಲ್ ಆದಂತೆ, ಅಲ್ಲವೇ? ಇನ್ನು ಹೆಸರು ಕೇಳಿ ಮನುಷ್ಯನನ್ನು ತೂಗುವ ವಿದ್ಯೆ! ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಊರಿನಿಂದಲೇ ತಂದಿದ್ದೇವೆ. ಅದಕ್ಕೆ ವೀಸಾ ಬೇಕಾಗಲಿಲ್ಲ.

ಪಕ್ಕದ ಕುರ್ಚಿಯ ಮೇಲೆ ನನ್ನ ಹ್ಯಾಂಡ್‌ಬ್ಯಾಗ್ ಇತ್ತು. ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಹೋಯಿತು. (ಯೋಚಿಸದೆ ಮಾಡಿದ್ದು ಎನ್ನುವುದು ನನ್ನ ಪರವಾದ ಮಾತೋ, ವಿರುದ್ಧದ ಮಾತೋ, ನೀವೇ ಹೇಳಿ.) ಬ್ರೀಡಾ ಬ್ಯಾಗನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಕುರ್ಚಿಯಲ್ಲಿ ಕೂರಲಿಲ್ಲ.

"ಅಂಗಡಿ ಯಾವ ಬೀದಿಯಲ್ಲಿತ್ತು?" ಎಂದು ಕೇಳಿದೆ.

"ಅಂಗಡಿ ಇರಲಿಲ್ಲ. ಗಾಡಿ ಇತ್ತು."

"ವಿಳಾಸ?"

"ಚಳಿಗಾಲದಲ್ಲಿ ಊರಾಚೆಯ ಕೂಡುರಸ್ತೆಯ ಹತ್ತಿರ ಬಿಡಾರ. ಬೇಸಿಗೆ ಪೂರ್ತಿ ಸುತ್ತಾಟ. ಈ ಕಡೆ ಹಸು ಕಟ್ಟಿದವರ ಮನೆಗೆಲ್ಲ ಕ್ಯಾನು ಮಾಡಿಕೊಟ್ಟವನು ಅವನೇ."

ನಾನು ಡೈರೆಕ್ಟರಿ ತೆರೆದೆ. ತಗಡು ಕೆಲಸದವರು ಎಂಬ ಸಾಲಿನ ಕೆಳಗೆ ಎರಡು ಹೆಸರು. ಎರಡೂ ಮುಖ್ಯ ಬೀದಿಯ ಅಂಗಡಿಯವರದು. ಇನ್ನೊಂದು ಡೈರೆಕ್ಟರಿ ತೆರೆದೆ. ಅವೇ ಎರಡು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಇಲ್ಲ ನೋಡಿ.

ಬ್ರೀಡಾ ಚೀಲದಿಂದ ಒಂದು ಹಳೆಯ ತಗಡಿನ ಕ್ಯಾನು ತೆಗೆದು ಮೇಜಿನ ಮೇಲಿಟ್ಟರು. "ಇದು ಅವನು ಮಾಡಿದ್ದು. ನಮ್ಮಮ್ಮ ಜೋಪಾನ ಮಾಡಿಟ್ಟಿದ್ದಳು."

"ಆದರೆ ಇದರ ಮೇಲೆ ಅವನ ಹೆಸರಿಲ್ಲವಲ್ಲ?" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಗುತ್ತಾ ಸೇರಿಸಿದೆ: "ಬೇಜಾರು ಮಾಡ್ಕೋಬೇಡಿ. ಎಲ್ಲರ ಮನೆಯಲ್ಲೂ ಅಜ್ಜಂದಿರ ಬಗ್ಗೆ ಸ್ವಲ್ಪ ದೊಡ್ಡದಾಗಿಯೇ ಹೇಳಿರುತ್ತಾರೆ."

ಇಡೀ ಭವನ ಕೇಳಿಸಿಕೊಂಡಿತು. ಯಾರೋ ಕೆಮ್ಮಿದರು. ಬ್ರೀಡಾ ಕ್ಯಾನನ್ನು ಚೀಲಕ್ಕೆ ಹಾಕಿಕೊಂಡು, "ಯು ಆರ್ ಗ್ರ್ಯಾಂಡ್" ಎಂದು ಹೊರಟರು. ಇಲ್ಲಿ ಆ ಮಾತಿಗೆ ಪರವಾಗಿಲ್ಲ ಎಂದೂ ಅರ್ಥ, ಇನ್ನು ಸಾಕು ಎಂದೂ ಅರ್ಥ. ನಾನು ಮೊದಲನೆಯದನ್ನೇ ತೆಗೆದುಕೊಂಡು ಚಹಾಕ್ಕೆ ಎದ್ದೆ.

ಈಗ ಒಂದು ಮಾತು ಹೇಳಬೇಕು. ಡೈರೆಕ್ಟರಿಯಲ್ಲಿ ಊರಿನ ಎಲ್ಲರೂ ಇರುವುದಿಲ್ಲ. ಬೀದಿಗೆ ಬಾಗಿಲಿದ್ದವರು ಮಾತ್ರ ಇರುತ್ತಾರೆ. ಕೂಲಿಯವರು, ಮನೆಗೆಲಸದವರು, ತಿರುಗಾಡಿ ದುಡಿದವರು ಇರುವುದಿಲ್ಲ. ಪುಸ್ತಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಊರಿನಲ್ಲಿ ಇರಲಿಲ್ಲ ಎಂದಲ್ಲ. ಹೊಸಬರಿಗೆಲ್ಲ ಇದನ್ನು ಮೊದಲ ದಿನವೇ ಹೇಳಿಕೊಡುವವಳು ನಾನೇ. ಅಂಥವರಿಗೆ ಚರ್ಚಿನ ರಿಜಿಸ್ಟರ್ ನೋಡಿ, ಜನನ ದಾಖಲೆ ನೋಡಿ ಎಂದು ದಾರಿ ತೋರಿಸುವವಳೂ ನಾನೇ. ಬ್ರೀಡಾಗೆ ಹೇಳಿದೆನೇ? ಇಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ಎರಡು ವಾರದ ನಂತರ ಪ್ರದರ್ಶನ. ಅಷ್ಟರಲ್ಲಿ ಊರಿನಿಂದ ನಮ್ಮ ಅಬ್ಬಾ ಬಂದಿದ್ದರು, ಮೂರು ತಿಂಗಳ ವೀಸಾದಲ್ಲಿ. ಗದಗಿನ ಹತ್ತಿರದ ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಮಾಸ್ತರರಾಗಿದ್ದವರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಏನಾಗಿದ್ದರು?

ಈ ಅಂಕಣದಲ್ಲಿ ನಾನು ಅದನ್ನು ಎಂದೂ ಬರೆದಿಲ್ಲ. ಅಜ್ಜ ಕಲಾಯಿ ಹಾಕುವವರು. ತಿದಿ, ಇದ್ದಿಲು, ನವಸಾಗರ, ತವರದ ತುಂಡು ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ, ಬೇವಿನ ಮರದ ಕೆಳಗೆ ಕುಣಿ ತೋಡಿ ಬೆಂಕಿ ಹಾಕಿ, ಊರ ಹಿತ್ತಾಳೆ ಪಾತ್ರೆಗಳ ಒಳಗೆಲ್ಲ ಬೆಳ್ಳಗೆ ಬಳಿದು ಕೊಡುತ್ತಿದ್ದರು. ನಮ್ಮ ಕಡೆ ಕಸುಬೇ ಅಡ್ಡಹೆಸರು. ಹಾಗಾಗಿ ಅಬ್ಬಾ ಕಲಾಯಿಗಾರ ಮಾಸ್ತರರು. ನಾನು ಕಲಾಯಿಗಾರ ಮಾಸ್ತರರ ಮಗಳು. ಹುಬ್ಬಳ್ಳಿಯಲ್ಲಿ ಕಾಲೇಜು ಸೇರಿದಾಗ ಹಾಸ್ಟೆಲ್ಲಿನ ಹುಡುಗಿಯರು, "ನಮ್ಮ ರೂಮಿನ ಚರಿಗಿಗೂ ಕಲಾಯಿ ಹಾಕ್ತಿಯೇನ?" ಎಂದು ನಕ್ಕರು. ಒಂದೇ ಸಲ ನಕ್ಕಿದ್ದು. ಅಷ್ಟು ಸಾಕಾಯಿತು. ಹಟ ಹಿಡಿದು ಅಫಿಡವಿಟ್ ಮಾಡಿಸಿ ಅಡ್ಡಹೆಸರು ತೆಗೆಸಿಹಾಕಿದೆ. ನಾನು ಹೇಳಿದಲ್ಲೆಲ್ಲ ಅಬ್ಬಾ ಸಹಿ ಮಾಡಿದ್ದರು. ಇಲ್ಲಿ ಮಗಳು ಝೋಯಾಳ ಶಾಲೆಯವರು ವಂಶವೃಕ್ಷ ಬರೆಸಿದಾಗ ಆ ಅಜ್ಜನ ಎಲೆಯಲ್ಲಿ 'ಬಿಸಿನೆಸ್' ಎಂದು ಬರೆಸಿದವಳೂ ನಾನೇ.

ಪ್ರದರ್ಶನದ ದಿನ ನಾನು ಸಮೋಸಾ ತಟ್ಟೆ ಹಿಡಿದು ಓಡಾಡುತ್ತಿದ್ದೆ. (ಯಾವ ಇತಿಹಾಸವಾದರೂ ಇರಲಿ, ನಮ್ಮ ಪಾಲಿಗೆ ಬರುವುದು ಸಮೋಸಾ.) ತಿರುಗಿ ನೋಡಿದರೆ ಅಬ್ಬಾ ತಗಡಿನವರ ಬೋರ್ಡಿನ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಬ್ರೀಡಾ. ಅದೇ ಕೋಟು, ಅದೇ ಚೀಲ. ಹೆಸರು ಸೇರಿಸಲಿಲ್ಲವಾದರೂ ನೋಡಲು ಬಂದಿದ್ದರು. ಕ್ಯಾನು ಅಬ್ಬಾನ ಕೈಯಲ್ಲಿತ್ತು.

ಅವರು ಅದನ್ನು ಬೋರಲು ಹಾಕಿ ತಳ ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಉದ್ದಕ್ಕೂ ಸವರಿದರು. ಮೂಗಿಗೆ ಹಿಡಿದರು. ಆಮೇಲೆ ತಮ್ಮ ಮಾಸ್ತರ ಇಂಗ್ಲಿಷಿನಲ್ಲಿ, "ವೆರಿ ಗುಡ್ ಜಾಯಿಂಟ್, ಮೇಡಂ. ಹೂ ಮೇಡ್?" ಎಂದರು.

ಬ್ರೀಡಾ ಹೇಳಿದರು.

"ಮೈ ಫಾದರ್ ಆಲ್ಸೋ," ಎಂದರು ಅಬ್ಬಾ. "ಫೈರ್, ಟಿನ್. ಹೌಸ್ ಟು ಹೌಸ್." ಮುಂದಿನದಕ್ಕೆ ಇಂಗ್ಲಿಷ್ ಸಾಲದೆ ಝೋಯಾಳನ್ನು ಕರೆದು ಕನ್ನಡದಲ್ಲಿ ಹೇಳುತ್ತಾ ಹೋದರು. ಅವಳು ಐರಿಶ್ ರಾಗದಲ್ಲಿ ಇಂಗ್ಲಿಷಿಗೆ ಮಾಡುತ್ತಾ ಹೋದಳು. ಹೆಂಗಸರು ಪಾತ್ರೆ ಕೊಡುವಾಗ ಒಮ್ಮೆ, ವಾಪಸು ತೆಗೆದುಕೊಳ್ಳುವಾಗ ಒಮ್ಮೆ ಎಣಿಸುತ್ತಿದ್ದರಂತೆ. ಪಾತ್ರೆಗಳ ಮೇಲೆ ಮನೆಯವರ ಹೆಸರು ಕೊರೆಸಿರುತ್ತಿತ್ತಂತೆ. ಅಜ್ಜ ಸುತ್ತ ಹತ್ತು ಹಳ್ಳಿಯ ಹೆಸರುಗಳನ್ನು ತೊಳೆದು ಹೊಳೆಯುವಂತೆ ಮಾಡಿ ಕೊಡುತ್ತಿದ್ದರಂತೆ. ಅದೇ ಅಜ್ಜ ಕುಡಿಯಲು ನೀರು ಕೇಳಿದರೆ ಆ ಮನೆಯವರು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರಂತೆ.

ಬ್ರೀಡಾ ಜೋರಾಗಿ ನಕ್ಕರು. "ನಮ್ಮವರು ಬಂದು ಹೋದ ಮೇಲೆ ಊರವರು ಕೋಳಿ ಎಣಿಸುತ್ತಿದ್ದರು!"

ಅಬ್ಬಾನೂ ನಕ್ಕರು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ತಟ್ಟೆ ಹಿಡಿದು ನಿಂತಿದ್ದೆ. ನನ್ನ ಹೆಗಲ ಮೇಲೆ ಅದೇ ಬ್ಯಾಗ್ ಇತ್ತು. ಅಂದು ಅದನ್ನು ಎತ್ತಿಟ್ಟುಕೊಂಡ ಕೈಯೂ ನನ್ನದೇ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಮಮ್, ಹೀ ವಾಸ್ ಎ ಟಿನ್‌ಸ್ಮಿತ್? ಯು ಸೆಡ್ ಬಿಸಿನೆಸ್," ಎಂದಳು ಝೋಯಾ.

ಅಬ್ಬಾ ಬೋರ್ಡಿನ ಎರಡು ಹೆಸರನ್ನು ಓದಿದರು. "ಇವರ ಮುತ್ತ್ಯಾನ ಹೆಸರು ಯಾಕ ಇಲ್ಲವ್ವಾ ಇದರಾಗ?"

"ಡೈರೆಕ್ಟರಿಯಲ್ಲಿ ಇಲ್ಲ ಅಬ್ಬಾ. ರೂಲ್ ಹಾಗಿದೆ."

"ಹಂಗಾರ ನಿಮ್ಮಜ್ಜನ ಹೆಸರು ಯಾ ಪುಸ್ತಕದಾಗ ಐತಿ?"

ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆ. ಕ್ಯಾನನ್ನು ಬ್ರೀಡಾಗೆ ಎರಡು ಕೈಯಿಂದ ವಾಪಸು ಕೊಡುತ್ತಾ, ತಮ್ಮಷ್ಟಕ್ಕೆ ಎನ್ನುವಂತೆ, "ನಮ್ಮ ಅಡ್ಡಹೆಸರಿನಾಗ ಒಂದು ಇತ್ತು ಅವರ ಗುರುತು" ಎಂದರು. ಅದನ್ನು ಯಾರು ತೆಗೆಸಿದ್ದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಗುಂಪಿನ ಹಿರಿಯ ಡೆಕ್ಲನ್‌ಗೆ ಫೋನ್ ಮಾಡಿದೆ. ರಿಟೈರ್ಡ್ ಪೋಸ್ಟ್‌ಮನ್. ನಿಮ್ಮ ರೂಲನ್ನು ಸ್ವಲ್ಪ ಸಡಿಲ ಮಾಡಲು ಆಗುತ್ತದೆಯೇ ಎಂದು ಕೇಳಿದೆ.

"ನಮ್ಮ ರೂಲಾ?" ಎಂದ ಡೆಕ್ಲನ್. "ನಾವೆಲ್ಲಿ ರೂಲ್ ಮಾಡಿದೆವು? ನೀನು ಶೀಟಿನಲ್ಲಿ ಆಧಾರ ಅಂತ ಒಂದು ಕಾಲಂ ಹಾಕಿದೆ. ನಿನಗೆ ಎಲ್ಲ ಗೊತ್ತು ಅಂತ ನಾವು ಸುಮ್ಮನಿದ್ದೆವು."

ಹದಿನಾಲ್ಕು ವರ್ಷದಿಂದ ಈ ದೇಶದ ಪ್ರತಿ ಕೌಂಟರಿನಲ್ಲೂ ನನ್ನನ್ನು ಆಧಾರ ಕೇಳಿದ್ದಾರೆ. ವಿಳಾಸಕ್ಕೆ ಆಧಾರ, ಮದುವೆಗೆ ಆಧಾರ, ಹುಟ್ಟಿದ್ದಕ್ಕೂ ಆಧಾರ. ಪ್ರತಿ ಸಲ ಹೊರಗೆ ಬಂದು ಶಪಿಸಿದ್ದೇನೆ. ನನಗೆ ಒಂದು ಕೌಂಟರ್ ಸಿಕ್ಕ ತಕ್ಷಣ ಏನು ಮಾಡಿದೆ? (ಗುಂಪಿನ ಉಳಿದವರೂ ಬಾಯಿ ಬಿಡಲಿಲ್ಲ ಎನ್ನಿ. ನನ್ನ ರೂಲು ಅವರಿಗೂ ಅನುಕೂಲವಾಗಿಯೇ ಇತ್ತೇನೋ. ಅವರ ನಾಚಿಕೆಯನ್ನು ಅವರು ಬರೆದುಕೊಳ್ಳಲಿ.)

ಮಾರ್ಟಿನ್ ಹೆಸರು ಸೇರಿಸು ಎಂದ ಡೆಕ್ಲನ್. ಆದರೂ ಅಂದೇ ಜನನ ದಾಖಲೆಗಳನ್ನು ತೆರೆದು ಕೂತೆ. ಬ್ರೀಡಾ ಅಜ್ಜನ, ಅಂದರೆ ಮಾರ್ಟಿನ್ ಮಗನ, ಹುಟ್ಟು ದಾಖಲಾಗಿದ್ದರೆ ಅದರಲ್ಲಿ ತಂದೆಯ ಕಸುಬು ಇರಲೇಬೇಕು. ನಲವತ್ತು ನಿಮಿಷದಲ್ಲಿ ಸಿಕ್ಕಿತು. ತಂದೆ: ಮಾರ್ಟಿನ್. ಕಸುಬು: ತಗಡು ಕೆಲಸ. ವಾಸ: ಊರಾಚೆಯ ಅದೇ ಕೂಡುರಸ್ತೆ. ಯಾರೋ ಗುಮಾಸ್ತ ಓರೆ ಅಕ್ಷರದಲ್ಲಿ ಬರೆದಿಟ್ಟಿದ್ದ. ಮೂರು ನಿಮಿಷಕ್ಕೂ ನಲವತ್ತು ನಿಮಿಷಕ್ಕೂ ನಡುವೆ ಇದ್ದದ್ದು ಬರೀ ನನ್ನ ಮನಸ್ಸು.

ಹೊಸ ಬೋರ್ಡ್ ಅಚ್ಚು ಹಾಕಿಸಿದೆವು. ಮೂರು ಹೆಸರು. ಅದರ ಫೋಟೋ, ಜನನ ದಾಖಲೆಯ ಪ್ರತಿ ಹಿಡಿದುಕೊಂಡು ಬ್ರೀಡಾ ಮನೆಗೆ ಹೋದೆ. ನಮ್ಮ ಮನೆಯಿಂದ ನಡೆದರೆ ಹತ್ತೇ ನಿಮಿಷ. ಕಿಟಕಿಯಲ್ಲಿ ಲೇಸ್ ಪರದೆ, ಒಳಗೆ ನೆಲ ಎಷ್ಟು ಸ್ವಚ್ಛ ಎಂದರೆ ಶೂ ಬಿಚ್ಚಲೇ ಎಂದು ಕೇಳಿದೆ. ಅವರು ಮೊದಲು ಕನ್ನಡಕ ಹುಡುಕಿದರು. ಆಮೇಲೆ ಮುತ್ತಜ್ಜನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಪ್ರತಿಯನ್ನು ಮಡಚದೆ, ಒಂದು ಫೈಲಿನೊಳಗೆ ಜೋಪಾನವಾಗಿ ಇಟ್ಟರು. ನನಗೆ ಚಹಾ ಕೊಟ್ಟರು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟರು.

ಕ್ಷಮೆ ಕೇಳಿದೆ. ದಾಖಲೆ ಹುಡುಕದೇ ಇದ್ದದ್ದಕ್ಕೆ, ಎಲ್ಲರ ಎದುರು ಆಡಿದ ಮಾತಿಗೆ, ಬ್ಯಾಗಿಗೆ ಕೂಡ. ನನ್ನ ಅಜ್ಜನ ಕಥೆ ಹೇಳಿದೆ. ಅಡ್ಡಹೆಸರು ತೆಗೆಸಿದ್ದನ್ನೂ ಹೇಳಿದೆ. ಅಬ್ಬಾ ಕ್ಯಾನು ಹಿಡಿದು ನಿಂತದ್ದನ್ನು ನೋಡಿ ನನ್ನ ಕಣ್ಣು ತೆರೆಯಿತು ಎಂದೆ. ಮಾತು ಚೆನ್ನಾಗಿ ಬಂತು. ಆ ಹೊತ್ತಿನಲ್ಲೂ, ಮಾತು ಚೆನ್ನಾಗಿ ಬಂತು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಬ್ರೀಡಾ ಪೂರ್ತಿ ಕೇಳಿಸಿಕೊಂಡರು. ನನ್ನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಆಮೇಲೆ, ಏನೂ ಕಹಿ ಇಲ್ಲದ ದನಿಯಲ್ಲಿ ಕೇಳಿದರು:

"ಅವತ್ತು ನಿಮ್ಮ ತಂದೆ ಬರದೇ ಇದ್ದಿದ್ದರೆ?"